ಗಲಾಟೆ ಮುಗಿದ ಮೇಲೆ ಊರು ಮತ್ತೆ ಕೂಡಬೇಕಾದರೆ ಅಂಗಡಿ, ಗಂಜ್, ಮಿಲ್ಲಿನವರು ಏನು ಮಾಡಬಹುದು?

ಗಂಜ್‌ನವ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಇದು.

ನಮ್ಮ ಭಾಗದಲ್ಲಿ ಎಲ್ಲಾದರೂ ಎರಡು ಗುಂಪುಗಳ ನಡುವೆ ಗಲಾಟೆಯಾದರೆ ಮರುದಿನ ಶಾಂತಿ ಸಭೆ ಕರೆಯುತ್ತಾರೆ. ಮುಂದಿನ ಸಾಲಿನಲ್ಲಿ ಮುಖಂಡರು, ಗುರುಗಳು, ಮೌಲಾನಾಗಳು. ವ್ಯಾಪಾರಿಗಳನ್ನು ಕರೆದರೆ ಹಿಂದಿನ ಸಾಲು. ಹಮಾಲರನ್ನು, ತಳ್ಳುಗಾಡಿಯವರನ್ನು ಕರೆಯುವುದೇ ಇಲ್ಲ. ಸಭೆ ಬೇಡ ಅನ್ನುತ್ತಿಲ್ಲ. ಆದರೆ ಸಭೆ ಮುಗಿದ ಮೇಲೂ ಜನ ಒಬ್ಬರಿಗೊಬ್ಬರು ಮಾತಾಡದೆ ಓಡಾಡುತ್ತಾರೆ. ಮಾತು ಶುರುವಾಗುವುದು ಬಜಾರ್ ತೆರೆದ ಮೇಲೆ, ಅಲ್ವಾ?

ನಮ್ಮದು ಇಲ್ಲಿನ ಸಗಟು ಧಾನ್ಯದ ಪೇಟೆ ನೆಹರು ಗಂಜ್‌ನಲ್ಲಿ ಅಡತಿ ಅಂಗಡಿ, ಅಂದರೆ ರೈತರ ಮಾಲನ್ನು ಕಮಿಷನ್‌ಗೆ ಮಾರಿಸಿಕೊಡುವುದು. ಹೊಸ ತೊಗರಿ ಬರುವ ಹೊತ್ತಿಗೆ, ಅಂದರೆ ಡಿಸೆಂಬರ್ ಕೊನೆ, ಜನವರಿಯಲ್ಲಿ, ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ಚೀಲ ತೊಗರಿಯ ಹಿಂದೆ ಎಷ್ಟು ಕೈಗಳಿವೆ ನೋಡಿ. ಚಿತ್ತಾಪುರದ ಕಡೆಯ ರೈತ ಟ್ರ್ಯಾಕ್ಟರ್ ಬಾಡಿಗೆ ಹಿಡಿದು ಮಾಲು ತರುತ್ತಾನೆ. ಹಮಾಲರು ಇಳಿಸಿ ರಾಶಿ ಮಾಡುತ್ತಾರೆ. ಖರೀದಿಯವರು ಕಾಳನ್ನು ಅಂಗೈಯಲ್ಲಿ ಉಜ್ಜಿ, ಹಲ್ಲಿಗೆ ಹಾಕಿ ಕಚ್ಚಿ, ಹಸಿ ಎಷ್ಟಿದೆ ಅಂತ ನೋಡುತ್ತಾರೆ. ಟೆಂಡರ್ ಈಗ ಕಂಪ್ಯೂಟರಿನಲ್ಲಿ. ತೂಕ, ಪಟ್ಟಿ, ಲಾರಿ, ಅಲ್ಲಿಂದ ದಾಲ್ ಮಿಲ್. ಮಿಲ್ಲಿನಲ್ಲಿ ಕಾಳಿಗೆ ಎಣ್ಣೆ, ನೀರು ಹಚ್ಚಿ ಅಂಗಳದಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ ಬೇಳೆ ಒಡೆಯುತ್ತಾರೆ. ಈ ಸಾಲಿನಲ್ಲಿ ಯಾವ ಜಾತಿಯವರಿಲ್ಲ, ಯಾವ ಧರ್ಮದವರಿಲ್ಲ ಹೇಳಿ? ಒಬ್ಬರು ಕೈ ತೆಗೆದರೂ ಮಾಲು ಅಲ್ಲೇ ನಿಲ್ಲುತ್ತದೆ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಮಾಲು ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಅದು ಈ ಎಲ್ಲ ಕೈಗಳಿಗೂ ಸಿಕ್ಕಿದ್ದು ಅಂತಲೇ ನಾನು ತಿಳಿದಿದ್ದೇನೆ.

ಒಂದು ದಿನ ಬಂದ್ ಆದರೆ ಏನಾಗುತ್ತದೆ? ರೈತ ರಾಶಿ ಕಾಯುತ್ತಾ ರಾತ್ರಿ ಅಲ್ಲೇ ಮಲಗುತ್ತಾನೆ. ಟ್ರ್ಯಾಕ್ಟರ್ ಬಾಡಿಗೆ ಏರುತ್ತದೆ. ಹಮಾಲರಿಗೆ ಚೀಲದ ಲೆಕ್ಕದ ಕೂಲಿ, ಚೀಲ ಏಳದಿದ್ದರೆ ಮನೆಗೆ ಬರಿಗೈ. ನಮ್ಮಂಥವರಿಗೆ ಒಂದು ದಿನದ ನಷ್ಟ, ಅವರಿಗೆ ಒಂದು ದಿನದ ಊಟ.

ಹಾಗಾಗಿ ನನಗೆ ಅನಿಸುವುದು ಇಷ್ಟು. ಊರು ತಣ್ಣಗಿರಬೇಕು ಅನ್ನಲು ವ್ಯಾಪಾರಿಗಳಿಗೆ ಬೇರೆ ಯಾರಿಗಿಂತ ಜಾಸ್ತಿ ಕಾರಣ ಇದೆ. ಅದನ್ನು ಮಾಡುವ ಶಕ್ತಿಯೂ ಇದೆ. ಆದರೆ ಗಲಾಟೆ ಆದ ಮೇಲೆ ಓಡಾಡಿದರೆ ಪ್ರಯೋಜನ ಇಲ್ಲ. ಯಾರು ಮೊದಲು ಶಟರ್ ಎತ್ತಬೇಕು, ಉದ್ರಿ ನಿಲ್ಲಿಸಬಾರದು, ಬಾಡಿಗೆಯವರನ್ನು ಬಿಡಿಸಬಾರದು, ಇದೆಲ್ಲ ಮೊದಲೇ ಮಾತಾಗಿರಬೇಕು. ನಿಮ್ಮ ಊರಿನಲ್ಲಿ ಏನು ಕಂಡಿದ್ದೀರಿ, ಬರೆಯಿರಿ. ಒಳ್ಳೆಯದೂ ಬರಲಿ, ಕೆಟ್ಟದ್ದೂ ಬರಲಿ.


ಚೌಬಾರಾದ ಬಿದ್ರಿ (ಬೀದರ್)

ಅಣ್ಣಾ, ಒಳ್ಳೆಯ ವಿಷಯ ತೆಗೆದಿದ್ದೀರಿ. ನಮ್ಮ ಮನೆಯಲ್ಲಿ ಬಿದ್ರಿ ಕೆಲಸ. ಒಂದು ಹೂದಾನಿ ಹೇಗೆ ಆಗುತ್ತದೆ ಅಂತ ಹೇಳುತ್ತೇನೆ, ಅದರಲ್ಲೇ ನನ್ನ ಉತ್ತರ ಇದೆ.

ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಅದನ್ನು ಅರದಿಂದ ಉಜ್ಜಿ ನುಣುಪು ಮಾಡುವವರು ಬೇರೆ. ಮೇಲೆ ಹೂಬಳ್ಳಿಯ ಗೆರೆ ಬರೆಯುವ ಕೈ ಬೇರೆ. ಆ ಗೆರೆಯ ಮೇಲೆ ಉಳಿ ಹಿಡಿದು ಕೆತ್ತಿ, ಆ ಸಂದಿಗೆ ಬೆಳ್ಳಿ ತಂತಿ ಕೂರಿಸುತ್ತಾರೆ. ಇದು ಕಣ್ಣು ಸೋಲುವ ಕೆಲಸ. ಕೊನೆಗೆ ಕೋಟೆಯ ಹಳೆಯ ಕಟ್ಟಡಗಳ ಒಳಗಿನ, ಮಳೆ ಬಿಸಿಲು ತಾಗದ ಮಣ್ಣು ತಂದು, ನವಸಾಗರ ಸೇರಿಸಿ ನೀರಿನಲ್ಲಿ ಕುದಿಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕೆಲಸಕ್ಕೆ 2006ರಲ್ಲೇ ಜಿಐ ಬಂದಿದೆ. 2023ರಲ್ಲಿ ನಮ್ಮ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಿಕ್ಕಾಗ ಇಡೀ ಓಣಿ ಹಬ್ಬ ಮಾಡಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಬೆಳ್ಳಿ ಎಲ್ಲಿಂದ ಬರುತ್ತದೆ? ಸರಾಫರ ಅಂಗಡಿಯಿಂದ. ನಮ್ಮಲ್ಲಿ ರೊಕ್ಕ ಕೊಟ್ಟು ತರುವುದು ಕಡಿಮೆ. ಮಾಲು ಮಾರಿದ ಮೇಲೆ ಕೊಡುವುದು ರೂಢಿ. ನಾನು ಚಿಕ್ಕವನಿದ್ದಾಗ ಒಮ್ಮೆ ಊರಿನ ಹವಾ ಕೆಟ್ಟಿತ್ತು. ನಮ್ಮ ಓಣಿಯವರು ಹೊರಗೆ ಹೋಗುತ್ತಿರಲಿಲ್ಲ. ದೊಡ್ಡ ಆರ್ಡರ್ ಅರ್ಧಕ್ಕೆ ನಿಂತಿತ್ತು. ಆಗ ನಮಗೆ ಬೆಳ್ಳಿ ಕೊಡುತ್ತಿದ್ದ ಸಾವಕಾರರು ತಾವೇ ಸ್ಕೂಟರಿನಲ್ಲಿ ಬಂದರು. ಬೆಳ್ಳಿ ಕೊಟ್ಟು, ಅಬ್ಬಾಜಾನ್‌ಗೆ "ಲೆಕ್ಕ ಆಮ್ಯಾಲ ನೋಡೋಣ್ರಿ, ಕೆಲಸ ನಿಲ್ಲಸಬ್ಯಾಡ್ರಿ" ಅಂದರು. ಅವರು ಬಂದು ಹೋದದ್ದನ್ನು ಎರಡೂ ಕಡೆಯವರು ನೋಡಿದರು. ಎರಡು ದಿನದಲ್ಲಿ ನಮ್ಮ ಪಕ್ಕದ ಚಪ್ಪಲಿ ಅಂಗಡಿ ತೆರೆಯಿತು, ಆಮೇಲೆ ಎದುರಿನ ಹೋಟೆಲು.

ಅವರಿಗೆ ಯಾರೂ ಹೇಳಿರಲಿಲ್ಲ. ಅಜ್ಜನ ಕಾಲದಿಂದ ಕೊಡು ಕೊಳ್ಳುವಿಕೆ ಇತ್ತು, ಅದಕ್ಕೆ ಬಂದರು. ಇಂಥದ್ದನ್ನು ಯಾವ ಸಭೆಯೂ ಒಂದು ದಿನದಲ್ಲಿ ತರಲು ಆಗುವುದಿಲ್ಲ.


ಭೀಮಾ ದಂಡೆಯವ (ಅಫಜಲಪುರ)

ಒಂದು ಮಾತು ಕಟುವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ವ್ಯಾಪಾರಿಗಳೆಲ್ಲ ಶಾಂತಿ ಬಯಸುತ್ತಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಬಂದ್‌ಗೆ ಚಂದಾ ಕೊಡುವವರು ಯಾರು? ಕರ್ಫ್ಯೂ ಸಡಿಲಿಸಿದ ಎರಡು ಗಂಟೆಯಲ್ಲಿ ಹಾಲು, ಎಣ್ಣೆ, ಬೇಳೆಗೆ ಬಾಯಿಗೆ ಬಂದ ರೇಟು ಹೇಳುವವರು ಯಾರು? ಗಲಾಟೆಗೆ ಹೆದರಿ ಮನೆ ಬಿಟ್ಟವರ ಜಾಗವನ್ನು ಅರ್ಧ ಬೆಲೆಗೆ ಬರೆಸಿಕೊಳ್ಳುವವರು ಯಾರು? ಒಂದೇ ಬಜಾರಿನಲ್ಲಿ ಒಂದೇ ಮಾಲು ಮಾರುವ ಇಬ್ಬರಲ್ಲಿ ಒಬ್ಬನ ಅಂಗಡಿ ಸುಟ್ಟರೆ ಇನ್ನೊಬ್ಬನಿಗೆ ಲಾಭ. ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಬ್ಬ ಸಾವಕಾರರ ಒಳ್ಳೆಯತನದ ಮೇಲೆ ಊರಿನ ಶಾಂತಿ ನಿಲ್ಲಿಸಲು ಆಗುವುದಿಲ್ಲ.


ಊರು ಬಿಟ್ಟ ಬೀದರಿನವಳು (ಈಗ ಬೆಂಗಳೂರು)

ಭೀಮಾ ದಂಡೆಯ ಅಣ್ಣ ಹೇಳಿದ್ದು ಸುಮ್ನೆ ಬಿಡುವ ಮಾತಲ್ಲ. ಇದನ್ನೇ ಲೆಕ್ಕ ಹಾಕಿ ನೋಡಿದವರಿದ್ದಾರೆ. ಸೌಮಿತ್ರ ಝಾ ಅನ್ನುವ ಅರ್ಥಶಾಸ್ತ್ರಜ್ಞರು 1850ರಿಂದ 1950ರವರೆಗೆ ನಮ್ಮ ದೇಶದ ಪಟ್ಟಣಗಳಲ್ಲಿ ನಡೆದ ಹಿಂದೂ ಮುಸ್ಲಿಂ ಗಲಭೆಗಳನ್ನು ನೋಡಿದರು. ಹಳೆಯ ಕಾಲದಲ್ಲಿ ಸಮುದ್ರ ವ್ಯಾಪಾರದ ಬಂದರುಗಳಾಗಿದ್ದ ಊರುಗಳಲ್ಲಿ ಗಲಭೆ ಬೇರೆ ಊರುಗಳಿಗಿಂತ ಬಹಳ ಕಡಿಮೆ ಇತ್ತು. ಬಂದರೇ ಮುಚ್ಚಿಹೋಗಿ ಎಷ್ಟೋ ಕಾಲವಾದ ಊರುಗಳಲ್ಲೂ ಹಾಗೇ.

ಕಾರಣ ಏನು? ಅರಬ್ ದೇಶಗಳ ಜೊತೆಗಿನ ಕಡಲ ವ್ಯಾಪಾರದ ಸಂಪರ್ಕ ಮುಸ್ಲಿಂ ವ್ಯಾಪಾರಿಗಳ ಕೈಯಲ್ಲಿತ್ತು. ಊರೊಳಗಿನ ಮಾಲು, ಸಾಲದ ವ್ಯವಹಾರ ಹಿಂದೂಗಳ ಕೈಯಲ್ಲಿ. ಒಬ್ಬರ ಕೆಲಸವನ್ನು ಇನ್ನೊಬ್ಬರು ಕಿತ್ತುಕೊಳ್ಳಲು ಆಗುತ್ತಿರಲಿಲ್ಲ. ಅಂಗಡಿ ಲೂಟಿ ಮಾಡಬಹುದು, ಆದರೆ ಮೆಕ್ಕಾ ದಾರಿಯ ಬಂದರುಗಳಲ್ಲಿರುವ ಪರಿಚಯವನ್ನು ಲೂಟಿ ಮಾಡಲು ಆಗುವುದಿಲ್ಲವಲ್ಲ. ಹಾಗಾಗಿ ಕೂಡಿ ಇರುವುದೇ ಇಬ್ಬರಿಗೂ ಲಾಭ. ಕಾಲ ಕಳೆದಂತೆ ಅದಕ್ಕೆ ಬೇಕಾದ ಸಂಘ, ಕಟ್ಟಳೆ, ರೂಢಿಗಳೂ ಬೆಳೆದವು. ನಮ್ಮ ಬಿದ್ರಿಯವರಿಗೂ ಸರಾಫರಿಗೂ ಇರುವುದು ಇಂಥದ್ದೇ ನಂಟು. ಒಂದೇ ಮಾಲಿನ ಇಬ್ಬರು ಅಂಗಡಿಕಾರರ ನಡುವೆ ಇರುವುದು ಪೈಪೋಟಿ. ಎರಡಕ್ಕೂ ವ್ಯಾಪಾರ ಅಂತಲೇ ಹೆಸರು, ಆದರೆ ಊರಿನ ಮೇಲೆ ಆಗುವ ಪರಿಣಾಮ ಬೇರೆ ಬೇರೆ.

ಇನ್ನೊಂದು ಉದಾಹರಣೆ ರುವಾಂಡಾ. 1994ರಲ್ಲಿ ಸುಮಾರು 100 ದಿನಗಳಲ್ಲಿ ಅಲ್ಲಿ ಲಕ್ಷಗಟ್ಟಲೆ ಜನರನ್ನು ಕೊಂದರು. ಅಲ್ಲಿನ ಹುಟು, ಟುಟ್ಸಿ ಅನ್ನುವ ಎರಡು ಜನಾಂಗಗಳಲ್ಲಿ ಸತ್ತವರು ಹೆಚ್ಚಾಗಿ ಟುಟ್ಸಿಗಳು. ಕೊಂದವರು, ಉಳಿದವರು ಮತ್ತೆ ಅದೇ ಗುಡ್ಡದ ಊರುಗಳಲ್ಲಿ ಬದುಕಬೇಕಾಯಿತು. ಅಲ್ಲಿ ಕಾಫಿ ಮೊದಲಿನಿಂದ ಇತ್ತು, ಆದರೆ ಪ್ರತಿ ರೈತ ತನ್ನ ಮನೆಯಲ್ಲೇ ಹೇಗೋ ಸಂಸ್ಕರಿಸಿ ಕಡಿಮೆ ಬೆಲೆಗೆ ಮಾರುತ್ತಿದ್ದ. 2000ದ ನಂತರ ಊರೂರಿಗೆ ಕಾಫಿ ಹಣ್ಣು ತೊಳೆಯುವ ಕೇಂದ್ರಗಳು ಬಂದವು. ಹಣ್ಣು ಕಿತ್ತ ದಿನವೇ ತೊಳೆಯಬೇಕು, ಒಣಗಲು ಹಾಕಬೇಕು, ಕೆಟ್ಟ ಬೀಜ ಆರಿಸಿ ತೆಗೆಯಬೇಕು. ಒಬ್ಬರಿಂದ ಆಗುವ ಕೆಲಸ ಅಲ್ಲ. ಹುಟು, ಟುಟ್ಸಿ ಹೆಂಗಸರು ಉದ್ದನೆಯ ಮೇಜಿನ ಸುತ್ತ ಪಕ್ಕಪಕ್ಕದಲ್ಲಿ ನಿಂತು ಬೀಜ ಆರಿಸುತ್ತಿದ್ದರು. ಸಂಶೋಧಕರು ಹೋಗಿ ಮಾತಾಡಿಸಿದಾಗ, ಹೆಚ್ಚು ಕಾಲ ಅಲ್ಲಿ ಕೆಲಸ ಮಾಡಿದವರಲ್ಲಿ, ತಮ್ಮ ಆದಾಯದ ಬಗ್ಗೆ ಸಮಾಧಾನ ಇದ್ದವರಲ್ಲಿ, ಇನ್ನೊಂದು ಗುಂಪಿನ ಬಗ್ಗೆ ಅಪನಂಬಿಕೆ ಕಡಿಮೆ ಇತ್ತು. ಆದಾಯದ ಮಾತು ಮರೆಯಬೇಡಿ. ಸುಮ್ನೆ ಪಕ್ಕದಲ್ಲಿ ನಿಲ್ಲಿಸಿದರೆ ಸಾಲದು, ಕೈಗೆ ಕಾಸು ಸಿಗಬೇಕು.

ದೊಡ್ಡ ಮಟ್ಟದಲ್ಲೂ ನಡೆದಿದೆ. ದೇಶದ ಬಿಕ್ಕಟ್ಟನ್ನು ಮಾತುಕತೆಯಿಂದ ಬಗೆಹರಿಸಲು ದುಡಿದು 2015ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಟುನೀಶಿಯಾದ ನಾಲ್ಕು ಸಂಘಟನೆಗಳಲ್ಲಿ ಒಂದು ಕಾರ್ಮಿಕರದು, ಇನ್ನೊಂದು ವ್ಯಾಪಾರಿಗಳದು ಮತ್ತು ಕುಶಲಕರ್ಮಿಗಳದು. ಉತ್ತರ ಐರ್ಲೆಂಡಿನ ಉದ್ಯಮಿಗಳ ಒಕ್ಕೂಟ 1994ರಲ್ಲಿ ಒಂದು ಲೆಕ್ಕ ಮುಂದಿಟ್ಟಿತ್ತು. ಬಾಂಬು ಬಂದೂಕು ನಿಂತರೆ ಭದ್ರತೆಗೆ ಸುರಿಯುವ ಹಣವನ್ನು ಜನರ ಬೇರೆ ಕೆಲಸಕ್ಕೆ ಬಳಸಬಹುದು ಅಂತ.

ಎಚ್ಚರಿಕೆಗೂ ಒಂದು ಉದಾಹರಣೆ ಬೇಕು. ಬೋಸ್ನಿಯಾ ಯುದ್ಧ ಮುಗಿದ ಮೇಲೆ 1996ರಲ್ಲಿ ಬ್ರಚ್ಕೋ ಹತ್ತಿರ ಅಮೆರಿಕದ ಸೈನಿಕರ ಚೆಕ್‌ಪೋಸ್ಟ್ ಪಕ್ಕ ಒಂದು ಸಂತೆ ಹುಟ್ಟಿಕೊಂಡಿತು. ಹೆಸರು ಅರಿಜೋನಾ ಮಾರ್ಕೆಟ್. ಯುದ್ಧದಲ್ಲಿ ಹೊಡೆದಾಡಿದ್ದ ಸರ್ಬ್, ಕ್ರೊಯಾಟ್, ಬೋಸ್ನಿಯಾಕ್ ಮೂರೂ ಜನಾಂಗದವರು ಅಲ್ಲಿ ಬಂದು ವ್ಯಾಪಾರ ಮಾಡಿದರು. ಆದರೆ ಕೇಳುವವರಿಲ್ಲದ ಕಾರಣ ಕಳ್ಳ ಮಾಲು, ಹೆಣ್ಣುಮಕ್ಕಳ ಸಾಗಾಟವೂ ಅಲ್ಲೇ ಬೆಳೆಯಿತು.


ಕಲ್ಯಾಣದ ಓದುಗ (ಬಸವಕಲ್ಯಾಣ)

ಅಕ್ಕಾ, ಅಷ್ಟು ದೂರ ಹೋಗುವುದು ಬೇಡ. ನಮ್ಮ ಮೂರು ಜಿಲ್ಲೆಗಳೇ ಯುದ್ಧ ಕಂಡು ಎದ್ದು ನಿಂತ ನೆಲ. ನಾವು ಸೆಪ್ಟೆಂಬರ್ 17ಕ್ಕೆ ಧ್ವಜ ಹಾರಿಸುತ್ತೇವೆ, ಆದರೆ ಅದರ ಹಿಂದೆ ಮುಂದೆ ನಡೆದದ್ದನ್ನು ಪೂರ್ತಿ ಮಾತಾಡುವುದಿಲ್ಲ.

1948ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಗೋರ್ಟಾದಲ್ಲಿ ನಿಜಾಮರ ಪರ ಹೊಡೆದಾಡುತ್ತಿದ್ದ ರಜಾಕಾರರು ಜನರನ್ನು ಕೊಂದರು. ಲೂಟಿ, ಬೆಂಕಿ ಎಷ್ಟೋ ಹಳ್ಳಿಗಳಲ್ಲಿ ಆಯಿತು. ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತ ಸೇನೆಯ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ನಿಜಾಮರ ಆಡಳಿತ ಮುಗಿಯಿತು. ಆಮೇಲೆ ಸೇಡಿನ ಹೆಸರಿನಲ್ಲಿ, ರಜಾಕಾರರ ಜೊತೆ ಸಂಬಂಧವೇ ಇಲ್ಲದ ಸಾಮಾನ್ಯ ಮುಸ್ಲಿಮರನ್ನು ಕೊಂದರು. ನೆಹರೂ ಸರ್ಕಾರ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಅವರನ್ನು ಕಳಿಸಿತು. ಅವರು ಊರೂರು ತಿರುಗಿ ವರದಿ ಬರೆದರು. ಇಡೀ ಹೈದರಾಬಾದ್ ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದು ಅನ್ನುವುದು ಅವರ ಅಂದಾಜು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆಗೆ ಗುಲಬರ್ಗಾ, ಬೀದರ್ ಇವೆ. ವರದಿಯನ್ನು ಸರ್ಕಾರ ಬಹಳ ವರ್ಷ ಹೊರಗೆ ಬಿಡಲಿಲ್ಲ. ಎರಡೂ ಕಡೆಯ ನೋವನ್ನು ಒಟ್ಟಿಗೆ ಹೇಳಬೇಕು ಅನ್ನುವವ ನಾನು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿದರೆ ಗಾಯ ಮಾಯುವುದಿಲ್ಲ.

ಆ ವರದಿಯಲ್ಲಿ ನಮ್ಮ ಚರ್ಚೆಗೆ ನೇರ ಸಂಬಂಧ ಇರುವ ಒಂದು ಮಾತಿದೆ. ಎಷ್ಟೋ ಕಡೆ ಹಿಂದೂಗಳು ಮುಸ್ಲಿಂ ನೆರೆಯವರನ್ನು ಕಾಪಾಡಿದರು. ಒಂದೇ ಕಸುಬಿನವರಲ್ಲಿ ಈ ನಂಟು ಇನ್ನೂ ಗಟ್ಟಿ ಇತ್ತು. ಕೆಲವು ಕಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಉಳಿಸಲು ಅಡ್ಡ ನಿಂತರು, ತಮ್ಮ ಜೀವಕ್ಕೆ ಕುತ್ತು ತಂದುಕೊಂಡರು ಅಂತ ಬರೆದಿದ್ದಾರೆ.

ಝಾ ಅವರ ಲೆಕ್ಕದ ಪ್ರಕಾರ ಒಂದೇ ಕಸುಬಿನವರು ಪೈಪೋಟಿಗಾರರು. ಇಲ್ಲಿ ಅವರೇ ರಕ್ಷಕರಾದರು. ಯಾಕೆ? ನನಗೆ ತೋಚುವ ಕಾರಣ, ನೇಕಾರರು ಒಬ್ಬರ ಗಿರಾಕಿಯನ್ನು ಒಬ್ಬರು ಕಸಿಯುವ ಅಂಗಡಿಕಾರರಲ್ಲ. ಇಬ್ಬರಿಗೂ ನೂಲು ಕೊಡುವ ಸಾವಕಾರ ಒಬ್ಬನೇ, ಸಾಲವೂ ಒಂದೇ, ಮಗ್ಗದ ಸದ್ದೂ ಒಂದೇ ಓಣಿಯದ್ದು. ಕಷ್ಟ ಒಂದೇ ಆದಾಗ ನಂಟು ಬೆಳೆಯುತ್ತದೆ.


ಸುರಪುರದ ಮೇಷ್ಟ್ರು (ಯಾದಗಿರಿ ಜಿಲ್ಲೆ)

ಎಲ್ಲರೂ ಹಿಂದೂ ಮುಸ್ಲಿಂ ಅಂತಲೇ ಮಾತಾಡುತ್ತಿದ್ದೀರಿ. ನಮ್ಮ ಹಳ್ಳಿಗಳಲ್ಲಿ ದಿನನಿತ್ಯದ ಜಗಳ ಜಾತಿಯದ್ದು. ಅಲ್ಲಿ ಅಂಗಡಿಯೇ ಆಯುಧ.

2024ರಲ್ಲಿ ನಮ್ಮ ಜಿಲ್ಲೆಯ ಒಂದು ಹಳ್ಳಿಯ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂತು. ಒಂದು ದಲಿತ ಕುಟುಂಬ ಪೊಲೀಸರಿಗೆ ದೂರು ಕೊಟ್ಟಿತು ಅನ್ನುವ ಕಾರಣಕ್ಕೆ ಇಡೀ ಕೇರಿಗೆ ಕಿರಾಣಿ ಸಾಮಾನು ಕೊಡಬೇಡಿ ಅಂತ ಕಟ್ಟು ಹಾಕಿದರು. ಮಕ್ಕಳಿಗೆ ಪೆನ್ನು, ನೋಟ್‌ಬುಕ್ ಕೂಡ ಸಿಗಲಿಲ್ಲ. ಹೊಡೆದಾಟ ಇಲ್ಲ, ರಕ್ತ ಇಲ್ಲ. ಆದರೆ ಅದು ಹಿಂಸೆಯಲ್ಲದೆ ಮತ್ತೇನು?

ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ ತಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಸಾಮಾಜಿಕ ಇಲ್ಲವೇ ಆರ್ಥಿಕ ಬಹಿಷ್ಕಾರ ಹಾಕುವುದು, ಹಾಕುತ್ತೇವೆ ಅಂತ ಬೆದರಿಸುವುದು ಎರಡೂ ಅದರಲ್ಲಿ ಅಪರಾಧ. ಅಂಗಡಿಯವರಿಗೆ ಇದು ಗೊತ್ತೇ ಇಲ್ಲ. "ಊರ ಮಂದಿ ಹೇಳ್ಯಾರ, ನಾ ಏನ್ ಮಾಡ್ಲಿ ಸರ್" ಅನ್ನುತ್ತಾರೆ. ಹೀಗಾಗಿ ನನ್ನ ಪ್ರಶ್ನೆ ಗಂಜ್‌ನ ಅಣ್ಣನಿಗೆ: ಹಳ್ಳಿಯ ಸಣ್ಣ ಅಂಗಡಿಯವನು ಊರ ಹಿರಿಯರನ್ನು ಎದುರು ಹಾಕಿಕೊಳ್ಳಲು ಆಗುತ್ತದೆಯೇ?


ಕಿರಾಣಿ ಅಕ್ಕ (ಯಾದಗಿರಿ)

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಆಗುತ್ತದೆ. ಆದರೆ ಒಬ್ಬಂಟಿಯಾಗಿ ಆಗುವುದಿಲ್ಲ.

ನಮ್ಮೂರಿನಲ್ಲಿ ಕೆರೆ ಪಕ್ಕದ ಜಾಗದ ವಿಷಯಕ್ಕೆ ಎರಡು ಕೇರಿಗಳ ನಡುವೆ ಜಗಳವಾಯಿತು. ಕೇಸ್ ಆಯಿತು. ಮರುದಿನ ಬೆಳಿಗ್ಗೆ ನಾಲ್ವರು ನನ್ನ ಅಂಗಡಿ ಮುಂದೆ ಬಂದು ನಿಂತು, ಆ ಕೇರಿಯವರಿಗೆ ಸಾಮಾನು ಕೊಟ್ಟರೆ ದಂಡ ಹಾಕುತ್ತೇವೆ ಅಂದರು. ಅದೇ ಹೊತ್ತಿಗೆ ಆ ಕೇರಿಯ ಒಬ್ಬ ಹುಡುಗಿ ಕಾಲು ಕೆಜಿ ಬ್ಯಾಳಿಗೆ ಚೀಲ ಹಿಡಿದು ನಿಂತಿದ್ದಳು. ಅವಳಿಗೆ ಆರೇಳು ವರ್ಷ. ನಾನು ತೂಕ ಮಾಡಿ ಕೊಟ್ಟೆ. ಅವಳಪ್ಪನ ಉದ್ರಿ ಪುಸ್ತಕದಲ್ಲಿ ಬರೆದೆ. ಅವರ ಎದುರಿಗೇ ಬರೆದೆ.

ಆಮೇಲೆ ಆದದ್ದು ಕೇಳಿ. ನನ್ನ ಗಿರಾಕಿಗಳಲ್ಲಿ ಬಹಳ ಜನ ಬರುವುದು ಬಿಟ್ಟರು. ಹಾಲು ತಂದು ಕೊಡುತ್ತಿದ್ದವರು ನಿಲ್ಲಿಸಿದರು. ಅಂಗಡಿಯ ಹಲಗೆಗಳು ಖಾಲಿಯಾದವು, ರೊಕ್ಕ ತಿರುಗಲಿಲ್ಲ. ನನ್ನನ್ನು ಉಳಿಸಿದ್ದು ಯಾದಗಿರಿ ಪೇಟೆಯ ಹೋಲ್‌ಸೇಲ್ ಕಾಕಾ. ಫೋನ್ ಮಾಡಿ ಎಲ್ಲ ಹೇಳಿದೆ. "ಹಳೇ ಬಾಕಿ ಹಂಗ ಇರ್ಲಿ ತಂಗಿ, ಗಾಡಿ ಕಳಸ್ತೀನಿ" ಅಂದರು. ಗಾಡಿ ಬಂತು. ಗಾಡಿ ಬಂದದ್ದನ್ನು ಊರು ನೋಡಿತು. ಇವಳ ಹಿಂದೆ ಪೇಟೆ ಇದೆ ಅಂತ ಗೊತ್ತಾಯಿತು. ನಿಧಾನಕ್ಕೆ ಗಿರಾಕಿಗಳು ಮರಳಿ ಬಂದರು. ಮೊದಲು ಬಂದವರು ಹೆಂಗಸರು. ಅವರಿಗೆ ತಿಂಗಳ ಕೊನೆಯಲ್ಲಿ ಉದ್ರಿ ಬೇಕು, ಪೇಟೆಗೆ ಹೋಗಲು ಬಸ್ ಚಾರ್ಜು ಇಲ್ಲ.

ಹಾಗಾಗಿ ಸಣ್ಣ ಅಂಗಡಿಯವರಿಗೆ ಧೈರ್ಯ ಹೇಳಬೇಡಿ. ಅವರಿಗೆ ಮಾಲು ಕೊಡುವವರನ್ನು ಹಿಡಿಯಿರಿ. ಹೋಲ್‌ಸೇಲಿನವರು, ಅಡತಿಯವರು, ಏಜೆನ್ಸಿಯವರು "ಬಹಿಷ್ಕಾರ ಹಾಕಿದ ಊರಿನಲ್ಲಿ ಮಾರುವವರಿಗೆ ನಾವು ಉದ್ರಿ ನಿಲ್ಲಿಸುವುದಿಲ್ಲ" ಅಂತ ಒಂದು ಮಾತು ಕೊಟ್ಟರೆ ಸಾಕು.


ಜಾತ್ರೆ ಬಳೆ (ಶಹಾಪುರ)

ನಾವು ಜಾತ್ರೆಯಿಂದ ಜಾತ್ರೆಗೆ ಹೋಗುವವರು. ತಿಂಥಣಿ ಮೌನೇಶ್ವರ, ಕಲಬುರಗಿ ಶರಣಬಸಪ್ಪ, ಬಂದೇನವಾಜರ ಉರುಸು. ಮೂರೂ ಕಡೆ ಬಳೆ ಹಾಕುವವರು ನಾವೇ, ಮಿಠಾಯಿ, ಆಟಿಕೆ ಸಾಮಾನಿನವರು ಎಲ್ಲ ಜಾತಿಯವರು. ವರ್ಷದ ದುಡಿಮೆಯಲ್ಲಿ ಬಹಳಷ್ಟು ಈ ಕೆಲವೇ ದಿನದ್ದು. 2022ರಲ್ಲಿ ಕರಾವಳಿ ಕಡೆ ಜಾತ್ರೆಗಳಲ್ಲಿ ಮುಸ್ಲಿಮರಿಗೆ ಅಂಗಡಿ ಬೇಡ ಅಂತ ಬ್ಯಾನರ್ ಕಟ್ಟಿದಾಗ ನಮಗೆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕಡೆಯೂ ಬಂದರೆ ಎಲ್ಲಿಗೆ ಹೋಗುವುದು? ಜಾತ್ರೆ ಕಮಿಟಿಯವರು, ಪಕ್ಕದ ಅಂಗಡಿಯವರು ಆಗ ಬಾಯಿ ಬಿಟ್ಟು ಹೇಳಬೇಕು, "ಇವರು ನಮ್ಮವರು, ಎಂದಿನ ಜಾಗ ಇವರದ್ದೇ" ಅಂತ. ಒಳಗೊಳಗೆ ಪ್ರೀತಿ ಇದ್ದರೆ ನಮಗೆ ಉಪಯೋಗ ಇಲ್ಲ.


ಹಮಾಲರ ಮಗ, ವಕೀಲ (ಕಲಬುರಗಿ)

ಅಪ್ಪ ಇದೇ ಗಂಜ್‌ನಲ್ಲಿ ಚೀಲ ಹೊತ್ತು ನನ್ನನ್ನು ಓದಿಸಿದರು. ಗಂಜ್‌ನ ಅಣ್ಣ ಹಮಾಲರನ್ನು ನೆನೆದದ್ದಕ್ಕೆ ಖುಷಿಯಾಯಿತು. ಆದರೆ ನೆನೆಯುವುದರ ಜೊತೆಗೆ ಲೆಕ್ಕವೂ ಬೇಕು.

ಭಿವಂಡಿಯ ಕಥೆ ನಿಮಗೆ ಗೊತ್ತಿರಬಹುದು. ಮುಂಬೈ ಪಕ್ಕದ ಪವರ್‌ಲೂಮ್ ಊರು. 1970ರಲ್ಲಿ, ಮತ್ತೆ 1984ರಲ್ಲಿ ಭಾರಿ ಗಲಭೆ. ಆಮೇಲೆ ಸುರೇಶ್ ಖೋಪಡೆ ಅನ್ನುವ ಪೊಲೀಸ್ ಅಧಿಕಾರಿ ಓಣಿ ಓಣಿಗೆ ಮೊಹಲ್ಲಾ ಕಮಿಟಿ ಮಾಡಿದರು. ಎರಡೂ ಧರ್ಮದ ಸಾಮಾನ್ಯ ಜನ, ಅವರ ಜೊತೆ ಒಬ್ಬ ಪೊಲೀಸ್. ಗಲಾಟೆ ಇಲ್ಲದ ದಿನಗಳಲ್ಲೂ ಸೇರುತ್ತಿದ್ದರು. ನಲ್ಲಿ ನೀರು, ಗಟಾರ, ಗಂಡ ಹೆಂಡಿರ ಜಗಳ, ಎಲ್ಲ ಮಾತಾಡುತ್ತಿದ್ದರು. 1992-93ರಲ್ಲಿ ಮುಂಬೈ ಹೊತ್ತಿ ಉರಿದಾಗ ಭಿವಂಡಿ ತಣ್ಣಗಿತ್ತು. ಗಂಜ್‌ನ ಅಣ್ಣ "ಮೊದಲೇ ಮಾತಾಗಿರಬೇಕು" ಅಂದದ್ದು ಇದನ್ನೇ.

ಇನ್ನು ನಷ್ಟದ ವಿಷಯ. ಸಣ್ಣ ಅಂಗಡಿಗಳಿಗೆ 2021ರ ಏಪ್ರಿಲ್‌ನಿಂದ "ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ" ಅನ್ನುವ ವಿಮೆ ಇದೆ. ಬೆಂಕಿಯ ಜೊತೆ ಗಲಭೆಯಲ್ಲಿ ಆದ ಹಾನಿಯೂ ಅದರಲ್ಲಿ ಬರುತ್ತದೆ. ಕಟ್ಟಡ, ಮಾಲು ಎಲ್ಲ ಸೇರಿ 5 ಕೋಟಿ ರೂಪಾಯಿವರೆಗಿನ ವ್ಯವಹಾರಕ್ಕೆ ಸಿಗುತ್ತದೆ. ಬ್ಯಾಂಕ್ ಸಾಲ ಇದ್ದವರು ಕಡ್ಡಾಯವಾಗಿ ಮಾಡಿಸುತ್ತಾರೆ, ಉಳಿದವರು ಮಾಡಿಸುವುದಿಲ್ಲ. ವ್ಯಾಪಾರಿ ಸಂಘ ಒಟ್ಟಿಗೆ ಮಾಡಿಸಬಹುದು. ತಳ್ಳುಗಾಡಿಯವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಪಟ್ಟಣ ಮಾರಾಟ ಸಮಿತಿಯಲ್ಲಿ 40 ಪರ್ಸೆಂಟ್‌ಗೆ ಕಡಿಮೆ ಇಲ್ಲದಂತೆ ಅವರ ಪ್ರತಿನಿಧಿಗಳು ಇರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಶಾಂತಿ ಸಭೆಗೆ ಈ ಸಮಿತಿಯವರನ್ನು ಯಾಕೆ ಕರೆಯಬಾರದು? ಗುರುತಿನ ಚೀಟಿ ಮಾಡಿಸಿಟ್ಟುಕೊಂಡರೆ ಗಾಡಿ ಸುಟ್ಟ ದಿನ ನಾನು ಇಲ್ಲೇ ವ್ಯಾಪಾರ ಮಾಡುತ್ತಿದ್ದೆ ಅಂತ ತೋರಿಸಲು ಒಂದು ಕಾಗದವಾದರೂ ಇರುತ್ತದೆ.

ಹಮಾಲರಿಗೆ ಇವು ಯಾವುವೂ ಇಲ್ಲ. ಗಲಾಟೆಯಿಂದ ಗಂಜ್ ಮುಚ್ಚಿದ ದಿನದ ಕೂಲಿಯ ಅರ್ಧವನ್ನಾದರೂ ಅಡತಿಯವರು ಕೊಡಬೇಕು. ಹಸಿದ ಮನೆಯ ಹುಡುಗರನ್ನು ಕಲ್ಲು ಹೊಡೆಯಲು ಕರೆಯುವುದು ಸುಲಭ. ಇದನ್ನು ಮೊದಲು ಬಗೆಹರಿಸಿ.


ಭೀಮಾ ದಂಡೆಯವ (ಅಫಜಲಪುರ)

ಕಿರಾಣಿ ಅಕ್ಕನ ಬರಹ ಓದಿ ಕಣ್ಣು ತುಂಬಿತು. ಇಂಥವರು ಇರುವುದಕ್ಕೇ ಹಳ್ಳಿಗಳು ಉಳಿದಿವೆ. ಆದರೂ ನನ್ನ ಮಾತು ಬಿಡುವುದಿಲ್ಲ. ಗಲಾಟೆ ದಿನ ರೇಟು ಏರಿಸಿದವರ ಅಂಗಡಿಯ ಹೆಸರನ್ನು ಸಂಘವೇ ಬೋರ್ಡಿನಲ್ಲಿ ಬರೆಯಬೇಕು. ಮನೆ ಬಿಟ್ಟು ಹೋದವರ ಜಾಗವನ್ನು ಒಂದು ವರ್ಷದವರೆಗೆ ಯಾವ ಸದಸ್ಯನೂ ಕೊಳ್ಳಬಾರದು. ಇಷ್ಟು ಸೇರಿಸಿದರೆ ನಾನೇ ಸಹಿ ಹಾಕಲು ಬರುತ್ತೇನೆ.


ಗಂಜ್‌ನವ (ಕಲಬುರಗಿ)

ಇಷ್ಟು ಮನಸ್ಸು ಬಿಚ್ಚಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಬರೆದುಕೊಂಡಿದ್ದೇನೆ. ನಮ್ಮ ಸಾಲಿನ ಕೆಲವು ಅಡತಿಯವರಿಗೆ, ಇಬ್ಬರು ಮಿಲ್ ಮಾಲೀಕರಿಗೆ ತೋರಿಸಿದೆ. ಕಿರಾಣಿ ಅಕ್ಕನ ಮಾತಿಗೆ ಎಲ್ಲರೂ ಒಪ್ಪಿದರು. ಬಹಿಷ್ಕಾರ ಹಾಕಿದ ಊರಿನ ಅಂಗಡಿಗೆ ಮಾಲು, ಉದ್ರಿ ಎರಡೂ ನಿಲ್ಲಿಸಬಾರದು ಅನ್ನುವುದನ್ನು ಕಾಗದದ ಮೇಲೆ ಬರೆಯಲು ತಯಾರಿದ್ದಾರೆ. ಜಾತ್ರೆ ಅಂಗಡಿಗಳ ವಿಷಯದಲ್ಲೂ ಹಾಗೇ. ವಿಮೆಯ ಬಗ್ಗೆ ಏಜೆಂಟರನ್ನು ಕರೆಸಿ ಮಾತಾಡುತ್ತೇವೆ. ಜಾಗ ಕೊಳ್ಳಬಾರದು ಅನ್ನುವುದಕ್ಕೆ ಒಬ್ಬಿಬ್ಬರು ಮುಖ ಸಿಂಡರಿಸಿದರು. ಅದಕ್ಕೇ ಅದನ್ನು ಬಿಡುವುದಿಲ್ಲ, ಪಟ್ಟು ಹಿಡಿಯುತ್ತೇನೆ.

ಹಮಾಲರ ಕೂಲಿಯ ಹತ್ತಿರ ಮಾತು ನಿಂತಿದೆ. ದುಡ್ಡು ಎಲ್ಲಿಂದ ಅನ್ನುತ್ತಿದ್ದಾರೆ. ಸುಗ್ಗಿಯ ಕಾಲದಲ್ಲಿ ಪ್ರತಿ ಚೀಲಕ್ಕೆ ಅಡತಿಯವರ ಕಮಿಷನ್‌ನಿಂದ ಸ್ವಲ್ಪ ತೆಗೆದಿಡೋಣ, ರೈತನ ಪಟ್ಟಿಯಲ್ಲಿ ಮುರಿಯುವುದು ಬೇಡ ಅನ್ನುವುದು ನನ್ನ ಸಲಹೆ. ಬರುವ ವಾರ ಸಂಜೆ ಏಳಕ್ಕೆ ನಮ್ಮ ಅಂಗಡಿಯಲ್ಲೇ ಕೂರೋಣ ಅಂದುಕೊಂಡಿದ್ದೇವೆ. ವಕೀಲ ತಮ್ಮ, ನೀನು ನಿಮ್ಮ ತಂದೆಯವರನ್ನೂ, ಅವರ ಟೋಳಿಯವರನ್ನೂ ಕರೆದುಕೊಂಡು ಬರಬೇಕು.


ಹಮಾಲರ ಮಗ, ವಕೀಲ (ಕಲಬುರಗಿ)

ಬರುತ್ತೇವೆ ಅಣ್ಣಾ. ಆದರೆ ಸಂಜೆ ಏಳು ಬೇಡ, ಆ ಹೊತ್ತಿಗೆ ಹಮಾಲರು ಲಾರಿ ತುಂಬುತ್ತಿರುತ್ತಾರೆ. ಬೆಳಿಗ್ಗೆ ಟೆಂಡರ್‌ಗೆ ಮೊದಲು ಇಡಿ. ಇನ್ನೊಂದು, ಕೂಲಿ ನಿಧಿಯ ಪಟ್ಟಿಯಲ್ಲಿ ಹಮಾಲರ ಹೆಸರು ಮಾತ್ರ ಇದ್ದರೆ ಆಗುವುದಿಲ್ಲ. ರಾಶಿ ಎತ್ತಿದ ಮೇಲೆ ಕಸಬರಿಗೆ ಹಿಡಿದು ಕಾಳು ಗುಡಿಸುವ ಹೆಣ್ಣುಮಕ್ಕಳ ಹೆಸರೂ ಬರೆಯಿರಿ. ಅವರು ಯಾವ ಸಂಘದಲ್ಲೂ ಇಲ್ಲ. ಅವರ ಪರವಾಗಿ ಇಬ್ಬರನ್ನು ಅವ್ವ ಕರೆತರುತ್ತಾಳೆ.